ಅಳಿಸದೆ ಉಳಿದ ಎರಡು ನಿಮಿಷ

ಕ್ರಾಂತಿ ಬಾಗಿಲಿನ ಒಳಚಿಲಕ ಹಾಕಿದಳು.

ಗವಿಸಿದ್ದೇಶ ಕೈಯಲ್ಲಿದ್ದ ಚಹಾದ ಲೋಟವನ್ನು ಬಾಯಿಗೆ ಒಯ್ಯುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿ ತಿರುಗಿ ನೋಡಿದ. ಅದು ಗಾಳಿಯಾಡದ ಕೋಣೆ. ಗೋಡೆಗಳಿಗೆಲ್ಲ ಹಳೆಯ ಕೌದಿಗಳನ್ನು ಮೊಳೆ ಹೊಡೆದು ತೂಗುಬಿಟ್ಟಿದ್ದರು, ಹೊರಗಿನ ಸಂತೆಯ ಗದ್ದಲ ಒಳಗೆ ಬರಬಾರದೆಂದು. ಫ್ಯಾನು ಇದ್ದರೆ ಅದರ ಸದ್ದು ಮೈಕಿಗೆ ಬೀಳುತ್ತದೆಂದು ಫ್ಯಾನೂ ಇರಲಿಲ್ಲ.

"ಚಿಲಕ ಯಾಕವ್ವ ತಂಗಿ? ಉಸಿರು ಕಟ್ಟಿ ಸಾಯ್ತೀವಿ ಇಲ್ಲೆ."

"ಸಾಯೂದಿಲ್ಲ ಅಣ್ಣಾ. ಇಪ್ಪತ್ತು ನಿಮಿಷದ ಕೆಲಸ ಐತಿ, ಕುಂದರ್ರಿ."

ಗೋಡೆಯ ಗಡಿಯಾರ ಹನ್ನೆರಡು ಹೊಡೆದು ಹತ್ತು ನಿಮಿಷ ತೋರಿಸುತ್ತಿತ್ತು. ಹನ್ನೆರಡೂವರೆಗೆ ನೇರ ಪ್ರಸಾರ. ಹಗರಿಬೊಮ್ಮನಹಳ್ಳಿಯ ಈ ಎರಡು ಕೋಣೆಯ 'ನೆಲದ ದನಿ' ರೇಡಿಯೋದಲ್ಲಿ ಒಂದು ಪದ್ಧತಿ ಇತ್ತು. ಕಾಲೇಜಿನಿಂದ ಕೆಲಸ ಕಲಿಯಲು ಬಂದವರು ಯಾರೇ ಇರಲಿ, ಕೊನೆಯ ದಿನ ಅರ್ಧ ಗಂಟೆ ಅವರೊಬ್ಬರಿಗೇ ಮೈಕು ಬಿಟ್ಟುಕೊಡುತ್ತಿದ್ದರು. ಏನು ಬೇಕಾದರೂ ಮಾತಾಡಬಹುದು, ಯಾರನ್ನು ಬೇಕಾದರೂ ಕರೆಯಬಹುದು. ಕ್ರಾಂತಿಯ ನಲವತ್ತೈದು ದಿನದ ಇಂಟರ್ನ್‌ಶಿಪ್ಪಿಗೆ ಅಂದೇ ಕೊನೆಯ ದಿನ.

ಆ ಅರ್ಧ ಗಂಟೆಗಾಗಿಯೇ ಅವಳು ಬಂದದ್ದು. ಪತ್ರಿಕೋದ್ಯಮ ಕಲಿಯಲು ಸೇರಿದ್ದೂ ಅದಕ್ಕಾಗಿಯೇ.

ನಾಲ್ಕು ವರ್ಷದ ಹಿಂದೆ, ಎರಡು ಸಾವಿರದ ನಾಲ್ಕರಲ್ಲಿ, ಕರೆಕಲ್ಲಹಟ್ಟಿಯ ಶಾಲೆಯಲ್ಲಿ ಬಿಸಿಯೂಟ ಉಂಡ ಮೂವತ್ತೊಂದು ಮಕ್ಕಳು ಹಾಸಿಗೆ ಹಿಡಿದರು. ಮೂರನೆಯ ತರಗತಿಯ ಭಾಗ್ಯ ಎಂಬ ಮಗು ಮತ್ತೆ ಏಳಲಿಲ್ಲ. ಅಡುಗೆ ಮಾಡುತ್ತಿದ್ದವಳು ಉಚ್ಚಂಗೆಮ್ಮ. ಕ್ರಾಂತಿಯ ತಾಯಿ.

ಆಗ ಈ ರೇಡಿಯೋಕ್ಕೆ ಗಾಳಿಯಲ್ಲಿ ಬಿತ್ತರಿಸುವ ಪರವಾನಗಿ ಬಂದಿರಲಿಲ್ಲ. ಟೀವಿಯ ಕೇಬಲ್ ತಂತಿಯಲ್ಲೇ ಸುತ್ತಲಿನ ಹಳ್ಳಿಗಳಿಗೆ ಮಾತು ಹರಿಸುತ್ತಿದ್ದರು. ಆ ತಂತಿಯಲ್ಲಿ ಮೂರು ದಿನ, ಹೊತ್ತಿಗೊಮ್ಮೆ, ಉಚ್ಚಂಗೆಮ್ಮನ ದನಿ ಹರಿಯಿತು. "ಪೊಲೀಸ್ ಠಾಣೆಯಲ್ಲಿ ಆಕೆ ಕೊಟ್ಟ ಹೇಳಿಕೆ" ಎಂದು ಮೊದಲಿಗೆ ಒಂದು ಗಂಡಸಿನ ಧ್ವನಿ ಹೇಳುತ್ತಿತ್ತು. ಆಮೇಲೆ ಹನ್ನೊಂದು ಸೆಕೆಂಡು ತಾಯಿಯ ಮಾತು.

"ನನ್ನ ಕೈಲಿಂದನ ಆತು. ಬ್ಯಾರೆ ಯಾರದೂ ತಪ್ಪಿಲ್ಲ."

ಅಷ್ಟೇ. ಬಳ್ಳಾರಿಯ ಜೈಲಿನಲ್ಲಿ ಹದಿನಾರು ತಿಂಗಳು. ಸಾಕ್ಷಿ ಸಾಲದೆಂದು ಕೋರ್ಟು ಬಿಟ್ಟಿತು, ಊರು ಬಿಡಲಿಲ್ಲ. ನಮ್ಮ ಕಿವಿಯಿಂದ ನಾವೇ ಕೇಳೀವಲ್ಲ ಎಂದರು. ಜೈಲಿನಿಂದ ಬಂದ ಮೇಲೆ ಉಚ್ಚಂಗೆಮ್ಮ ಬಾಯಿ ತೆರೆಯುವುದನ್ನೇ ಬಿಟ್ಟಳು. ದಿನಕ್ಕೊಂದು ಮಾತು, ಅದೂ ಮಗಳು ಮನೆಗೆ ಬಂದಾಗ, 'ಉಂಡೀ?' ಎಂಬುದು. ಉಳಿದಂತೆ ಒಲೆಯ ಮುಂದೆ ಬೂದಿಯ ಹಾಗೆ ಕೂತಿರುತ್ತಿದ್ದಳು.

ಆ ಗಂಡಸಿನ ಧ್ವನಿ ಗವಿಸಿದ್ದೇಶನದು. ನಲವತ್ತೈದು ದಿನ ಕ್ರಾಂತಿ ಅವನ ಕೈಯಿಂದ ಚಹಾ ಇಸಿದುಕೊಂಡು ಕುಡಿದಿದ್ದಳು. ಅವನ ಚೇಷ್ಟೆಗೆ ನಕ್ಕಿದ್ದಳು. ಮೈಕು ಹಿಡಿಯುವುದು, ತಂತಿ ಸುತ್ತುವುದು, ದನಿಯನ್ನು ಕತ್ತರಿಸಿ ಜೋಡಿಸುವುದು, ಎಲ್ಲವನ್ನೂ ಅವನಿಂದಲೇ ಕಲಿತಿದ್ದಳು. ಕಲಿಸುವಾಗೆಲ್ಲ ಅವನ ಬೆರಳುಗಳನ್ನು ನೋಡುತ್ತಿದ್ದಳು. ಇದೇ ಬೆರಳು, ಇದೇ ಗುಂಡಿ, ಎಂದುಕೊಳ್ಳುತ್ತಿದ್ದಳು.

ಈಗ ಅವಳು ಕಂಪ್ಯೂಟರಿನ ಮುಂದೆ ಕೂತು ಆ ಹನ್ನೊಂದು ಸೆಕೆಂಡನ್ನು ಹಚ್ಚಿದಳು. ಎರಡು ಸಲ ಹಚ್ಚಿದಳು. ಗವಿಸಿದ್ದೇಶನ ಲೋಟ ಮೇಜಿನ ಮೇಲೆ ಕೂತಿತು.

"ಹಿಂದ ಏನು ಕೇಳಿಸ್ತೈತಿ, ಹೇಳ್ರಿ ಅಣ್ಣಾ."

ಅವನಿಗೆ ಕೇಳಿಸದೆ ಇರಲಿಲ್ಲ. ತಾಯಿಯ ದನಿಯ ಹಿಂದೆ, ದೂರದಲ್ಲಿ, ಕುಕ್, ಕುಕ್, ಕುಕ್ ಎಂದು ಒಂದು ಸದ್ದು ಬರುತ್ತಿತ್ತು. ಹಿಟ್ಟಿನ ಗಿರಣಿ. ಈ ಸೀಮೆಯ ಹಳ್ಳಿಗಳಲ್ಲಿ ಡೀಸೆಲ್ ಎಂಜಿನ್ನಿನ ಗಿರಣಿಯವರು ಹೊಗೆಕೊಳವೆಯ ಬಾಯಿಗೆ ತಗಡಿನ ಬಟ್ಟಲೊಂದನ್ನು ಕಟ್ಟುತ್ತಾರೆ. ಎಂಜಿನ್ನು ಓಡಿದಷ್ಟು ಹೊತ್ತು ಅದು ಕೂಗುತ್ತದೆ. ಹೆಂಗಸರು ಆ ಕೂಗು ಕೇಳಿ ಜೋಳದ ಬುಟ್ಟಿ ಹೊತ್ತು ಹೊರಡುತ್ತಾರೆ. ಒಂದೊಂದು ಗಿರಣಿಯ ಕೂಗು ಒಂದೊಂದು ಥರ. ತಮ್ಮೂರಿನದು ಯಾವುದೆಂದು ಕೂಸಿಗೂ ಗೊತ್ತು.

ಅದು ಕರೆಕಲ್ಲಹಟ್ಟಿಯ ಮಂಜಣ್ಣನ ಗಿರಣಿ. ಕ್ರಾಂತಿಯ ಮನೆಯಿಂದ ನಾಲ್ಕನೆಯ ಮನೆ. ಹಗರಿಬೊಮ್ಮನಹಳ್ಳಿಯ ಪೊಲೀಸ್ ಠಾಣೆಗೆ ಅಲ್ಲಿಂದ ಒಂಬತ್ತು ಮೈಲಿ.

ಅಂದರೆ ಈ ಮಾತು ಠಾಣೆಯಲ್ಲಿ ಆಡಿದ್ದಲ್ಲ. ಪೊಲೀಸರು ಕರೆದೊಯ್ಯುವ ಮೊದಲೇ, ಮನೆಯಲ್ಲಿ ಆಡಿದ್ದು. ಅವಳ ಅನುಮಾನದ ಪಟ್ಟಿಯಲ್ಲಿ ಮೂವರು ಇದ್ದರು. ತಾಯಿಯನ್ನು ಹಿಡಿದೊಯ್ದು ಆಮೇಲೆ ವರ್ಗವಾಗಿ ಹೋದ ಪೊಲೀಸ್ ಅಧಿಕಾರಿ, ಶಾಲೆಗೆ ದಿನಸಿ ಕೊಡುತ್ತಿದ್ದ ಗುತ್ತಿಗೆದಾರ ಬೆನಕಪ್ಪ, ಮತ್ತು ಈ ಗವಿಸಿದ್ದೇಶ. ಗಿರಣಿಯ ಸದ್ದು ಪೊಲೀಸನ ಹೆಸರನ್ನು ಹೊಡೆದುಹಾಕಿತ್ತು.

ಇನ್ನೊಂದು ಮಾತನ್ನೂ ಆ ಸದ್ದು ಹೇಳಿತ್ತು. ಎಂಜಿನ್ನಿನ ಕೂಗು ಗಡಿಯಾರದ ಹಾಗೆ ಸಮನಾಗಿ ಬೀಳಬೇಕು. ಆದರೆ "ಆತು" ಎಂಬಲ್ಲಿಗೂ "ಬ್ಯಾರೆ" ಎಂಬಲ್ಲಿಗೂ ನಡುವೆ ಒಂದು ಕುಕ್ ಅರ್ಧಕ್ಕೇ ನಿಂತು, ಇನ್ನೊಂದು ಅವಸರದಲ್ಲಿ ಬರುತ್ತಿತ್ತು. ಕುಂಟುವವನ ಹೆಜ್ಜೆಯ ಹಾಗೆ.

"ನೀವಽ ಕಲಿಸಿದ್ದು ಅಣ್ಣಾ. ಕಟ್ ಮಾಡಿದ ಜಾಗ ದನಿಯೊಳಗ ಹುಡುಕಬ್ಯಾಡ, ದನಿ ಹಿಂದ ಹುಡುಕು ಅಂದಿದ್ರಿ."

ಗವಿಸಿದ್ದೇಶ ಬೆವರು ಒರೆಸಿಕೊಂಡ. ಮೂವತ್ತು ದಾಟದ ಗಂಡಸು, ಆದರೆ ಆಗ ಅವನ ಮುಖ ಹಿರಿಯನ ಮುಖದಂತೆ ಕಂಡಿತು.

"ನೀನು ಉಚ್ಚಂಗೆಮ್ಮನ ಮಗಳು," ಎಂದ.

ಆ ಮಾತನ್ನು ಅವನ ಮುಖಕ್ಕೆ ಎಸೆಯಬೇಕೆಂದು ಅವಳು ನಲವತ್ತೈದು ದಿನ ಕಾದಿಟ್ಟುಕೊಂಡಿದ್ದಳು. ಅವನೇ ಆಡಿಬಿಟ್ಟ.

"ಯಾವಾಗ ಗೊತ್ತಾತು?"

"ಬಂದ ದಿನಾನ. ನೀ ಮೈಕ್ ಹಿಡಿದು ಹೆಸರು ಹೇಳಿದಿ ನೋಡು, ದನಿ ಅವ್ವಂದನ."

ಕ್ರಾಂತಿಗೆ ಸಿಟ್ಟು ಬಂತು. ಗೊತ್ತಿದ್ದೂ ಇಷ್ಟು ದಿನ ಸುಮ್ಮನೆ ಕಲಿಸಿದನೇ. ಅವಳು ಅದನ್ನು ನುಂಗಿದಳು. ನುಂಗಿ ನುಂಗಿ ಅಭ್ಯಾಸವಾಗಿತ್ತು. ಪೂರ್ತಿ ಮಾತು ಎಲ್ಲಿ ಎಂದು ಕೇಳಿದಳು. ಅಳಿಸಿಹೋಯಿತು ಎಂದ. ಆಗ ಕ್ಯಾಸೆಟ್ಟಿಗೆ ಬರ ಇತ್ತು, ಅದರ ಮೇಲೇ ಶ್ರಾವಣದ ಭಜನೆ ತುಂಬಿಸಿದೆ ಎಂದ. ಹೇಳುವಾಗ ಕಣ್ಣು ತಪ್ಪಿಸಲಿಲ್ಲ. ಅವನು ಅದನ್ನು ನಿಜವೆಂದೇ ನಂಬಿದ್ದ.

ಅವಳು ಚೂಡಿದಾರದ ಜೇಬಿನಿಂದ ಕ್ಯಾಸೆಟ್ಟೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಬೆನ್ನಿಗೆ ಅವನದೇ ಅಕ್ಷರದಲ್ಲಿ 'ಶ್ರಾವಣ ಭಜನೆ' ಎಂದಿತ್ತು.

ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸುವ ಕೆಲಸ ಹೊಸದಾಗಿ ಬಂದವರ ಪಾಲಿಗೆ ಬೀಳುತ್ತಿತ್ತು. ಯಾರಿಗೂ ಬೇಡದ ಕೆಲಸ. ಈ ರೇಡಿಯೋದಲ್ಲಿ ಏನೇ ರೆಕಾರ್ಡು ಮಾಡಲಿ, ಮುಗಿದ ಮೇಲೆ ಅರ್ಧ ನಿಮಿಷ ಎಲ್ಲರೂ ಬಾಯಿ ಮುಚ್ಚಿಕೊಂಡು ಆ ಜಾಗದ ಮೌನವನ್ನೂ ತುಂಬಿಸಿಕೊಳ್ಳಬೇಕು. ಆಮೇಲೆ ಮಾತು ಕತ್ತರಿಸಿದಲ್ಲಿ ತೇಪೆ ಹಾಕಲು ಅದು ಬೇಕಾಗುತ್ತದೆ. ಹಾಗಾಗಿ ಕ್ಯಾಸೆಟ್ಟು ಇಳಿಸುವವರು ಮೌನ ಶುರುವಾದ ಕೂಡಲೇ ಮುಗಿಯಿತೆಂದು ನಿಲ್ಲಿಸಿಬಿಡುತ್ತಿದ್ದರು. ಭಜನೆಯವರು ಮೌನ ಮುಗಿಸಿ ಎದ್ದು ಹೋದ ಮೇಲೆ ಕ್ಯಾಸೆಟ್ಟಿನಲ್ಲಿ ಏನು ಉಳಿದಿದೆಯೆಂದು ಯಾರೂ ಕೇಳಿರಲಿಲ್ಲ. ಗವಿಸಿದ್ದೇಶನೂ.

ಕ್ರಾಂತಿ ಕೇಳಿದಳು. ಹೊಸಬಳು, ಹೇಳಿದಷ್ಟನ್ನು ಅಕ್ಷರಶಃ ಮಾಡುವವಳು. ಟೇಪು ತಾನಾಗಿ ನಿಲ್ಲುವವರೆಗೂ ಬಿಟ್ಟಿದ್ದಳು. ನಿನ್ನೆ ಸಂಜೆ ಐದಕ್ಕೆ, ಭಜನೆ ಮುಗಿದು, ಮೌನ ಮುಗಿದು, ಕುಕ್ ಕುಕ್ ಎಂದಿತು. ತಾಯಿ ಉಸಿರೆಳೆದುಕೊಂಡ ಸದ್ದು ಕೇಳಿತು. ಅವಳು ಅಲ್ಲಿಗೇ ನಿಲ್ಲಿಸಿದಳು. ಮುಂದೆ ಎರಡು ನಿಮಿಷದ ಟೇಪು ಉಳಿದಿತ್ತು. ಅದನ್ನು ತಾನೊಬ್ಬಳೇ ಕೇಳಿ ಅಳಲು ಅವಳಿಗೆ ಮನಸ್ಸಿರಲಿಲ್ಲ. ತಾಯಿಯ ಅರ್ಧ ಮಾತನ್ನು ಎಷ್ಟು ಹಳ್ಳಿ ಕೇಳಿತೋ ಅಷ್ಟೂ ಹಳ್ಳಿ ಪೂರ್ತಿ ಮಾತನ್ನೂ ಕೇಳಬೇಕು. ಕೇಳುವಾಗ ಇವನ ಮುಖವನ್ನು ತಾನು ನೋಡುತ್ತಿರಬೇಕು. ಅಷ್ಟೇ ಅವಳ ಆಸೆ.

"ಹನ್ನೆರಡೂವರಿಗೆ ಇದನ್ನ ಹಚ್ತೀನಿ. ಆ ಗಾಜಿನ ಆಚಿ ಕೋಣ್ಯಾಗ ನೀವು ಕುಂತಿರಬೇಕು. ಆಮ್ಯಾಲ ಜನ ನಿಮ್ಮನ್ನ ಏನು ಮಾಡ್ತಾರೋ ಮಾಡ್ಲಿ."

ಅವನು ಕ್ಯಾಸೆಟ್ಟಿಗೆ ಕೈ ಹಾಕುತ್ತಾನೆಂದು ಅವಳು ಎದ್ದು ಬಾಗಿಲಿಗೆ ಅಡ್ಡ ನಿಂತಳು. ಅವನು ಕೈ ಹಾಕಲಿಲ್ಲ. ಕೂತಲ್ಲೇ ಕೈ ಮುಗಿದ.

"ಹಚ್ಚು. ಬ್ಯಾಡ ಅನ್ನೂದಿಲ್ಲ. ಮೊದ್ಲು ನೀ ಒಬ್ಬಾಕಿ ಕೇಳು. ಕೇಳಿದ ಮ್ಯಾಲೂ ಹಚ್ಚಬೇಕು ಅನಿಸಿದ್ರ ನಾನಽ ಗುಂಡಿ ಒತ್ತಿಕೊಡ್ತೀನಿ."

"ಹೆದರಿಕಿ ಐತೇನು?"

"ಐತಿ. ನನ್ನ ಬಗ್ಗೆ ಅಲ್ಲ."

ಅವನ ದನಿಯಲ್ಲಿ ಏನೋ ಇತ್ತು. ಅವಳು ಗಡಿಯಾರ ನೋಡಿದಳು. ಹನ್ನೆರಡು ಹದಿನೇಳು. ಕಿವಿಗೆ ಹೆಡ್‌ಫೋನು ಏರಿಸಿ, ಕ್ಯಾಸೆಟ್ಟನ್ನು ಹಾಕಿ ಗುಂಡಿ ಒತ್ತಿದಳು.

ಗಿರಣಿ ಕೂಗಿತು. ತಾಯಿ ಉಸಿರೆಳೆದುಕೊಂಡಳು. ನಾಲ್ಕು ವರ್ಷದಿಂದ ಮನೆಯಲ್ಲಿ ಕೇಳದ ದನಿ. ಉಂಡೀ ಎನ್ನುವ ಸವೆದ ದನಿಯಲ್ಲ, ಮೊದಲಿನದು, ತುಂಬಿದ್ದು.

"ನನ್ನ ಕೈಲಿಂದನ ಆತು. ಒಗ್ಗರಣಿಗೆ ಎಣ್ಣಿ ಬಿಟ್ಟ ಕೂಡ್ಲೆ ವಾಸನಿ ಬಡೀತಪ್ಪ. ಬೆಳಿಗೆ ಹೊಡಿತಾರಲ್ಲ ಔಷಧ, ಅಂಥಾದ್ದು. ಚೆಲ್ಲಬೇಕಾಗಿತ್ತು. ಮಗಳು ತಂದ ಡಬ್ಬಿ, ಆಕಿ ಕೆಟ್ಟದ್ದು ತರ್ತಾಳೇನು ಅಂತ ಸುಮ್ಮನಾದೆ. ಗೋಡೌನ್ ಮುಚ್ಚಿತ್ತಂತ, ಯಾರೋ ಮನಿಯಿಂದ ಕೊಟ್ರಂತ. ಯಾರು ಅಂತ ನಾ ಕೇಳಿಲ್ಲ. ಕೇಳೂದೂ ಇಲ್ಲ. ಕೇಳಿದ್ರ ಆಕಿ ಹೇಳ್ತಾಳ, ಹೇಳಿದ್ರ ಆಕಿನ ಬಿಡ್ತಾರೇನಪ್ಪ? ಮುಂದಿನ ವಾರ ಪರೀಕ್ಷಿ ಐತಿ ಆಕಿಗೆ. ನೀನು ಬುದ್ಧಿವಂತ ಅದೀಯಂತ, ಮಾತು ಕಟ್ ಮಾಡಾಕ ಬರ್ತೈತಂತ. ಮಗಳ ಸುದ್ದಿ ಅಷ್ಟೂ ತಗದುಬಿಡು. ಬ್ಯಾರೆ ಯಾರದೂ ತಪ್ಪಿಲ್ಲ ಅಂತ ಇಷ್ಟಽ ಇಡು. ಕಾಲಿಗೆ ಬೀಳ್ತೀನಿ."

ಬಳೆ ನೆಲಕ್ಕೆ ತಾಗಿದ ಸದ್ದು ಬಂತು. ಗಿರಣಿ ಇನ್ನೂ ನಾಲ್ಕು ಸಲ ಕೂಗಿತು. ಟೇಪು ತಾನಾಗಿ ನಿಂತಿತು.

ಕ್ರಾಂತಿ ಹೆಡ್‌ಫೋನು ತೆಗೆಯಲಿಲ್ಲ. ನಾಲ್ಕು ವರ್ಷ ಅವಳು ಹುಡುಕಿದ ಕತ್ತರಿ ತಾಯಿಯ ಕೈಯಲ್ಲೇ ಇತ್ತು. ಕತ್ತರಿಸಿ ತೆಗೆದದ್ದು ತಾಯಿಯ ನಿರಪರಾಧಿತ್ವವನ್ನಲ್ಲ, ತನ್ನ ಹೆಸರನ್ನು.

ಬಿಸಿಯೂಟದ ಎಣ್ಣೆಯ ಬಗ್ಗೆ ಆ ದಿನಗಳಲ್ಲಿ ಯಾರೂ ಕೇಳಿರಲಿಲ್ಲ. ಅಡುಗೆ ಕೋಣೆಯಲ್ಲಿ ಉಪ್ಪಿನ ಡಬ್ಬದ ಪಕ್ಕ ಬೆಳೆಗೆ ಹೊಡೆಯುವ ಔಷಧದ ಬಾಟಲಿ ಸಿಕ್ಕಿತ್ತು. ಬೇಳೆಗೆ ಅದು ಬಿತ್ತು ಎಂದು ಪೊಲೀಸರು ಬರೆದುಕೊಂಡರು. ಅಂದು ಬೆಳಿಗ್ಗೆ ತಾನು ಎಣ್ಣೆ ತಂದದ್ದು ಕ್ರಾಂತಿಗೆ ನೀರು ತಂದಷ್ಟೇ ಸಾಮಾನ್ಯವಾಗಿ ಮರೆತುಹೋಗಿತ್ತು.

ಗವಿಸಿದ್ದೇಶ ಹೇಳತೊಡಗಿದ. ಮಕ್ಕಳು ಮಲಗಿದ ದಿನ ಸಂಜೆಯೇ ರೆಕಾರ್ಡರು ಹಿಡಿದು ಹೋಗಿದ್ದ. ಸುದ್ದಿ ಮಾಡುವ ಹುಮ್ಮಸ್ಸು, ಇಪ್ಪತ್ತೈದರ ವಯಸ್ಸು. ಹೆಂಗಸು ಕಾಲಿಗೆ ಬಿದ್ದಳು, ಅವನು ಮಾತು ಕೊಟ್ಟ. ಪುಣ್ಯದ ಕೆಲಸ ಮಾಡುತ್ತಿದ್ದೇನೆಂದುಕೊಂಡ. ಒಂದು ತಪ್ಪು ಮಾಡಿದ. ಕತ್ತರಿಸುವ ಮೊದಲು ಕ್ಯಾಸೆಟ್ಟನ್ನು ಪೂರ್ತಿಯಾಗಿ ಅಕ್ಕಾರಿಗೆ ಕೇಳಿಸಿದ.

ಅಕ್ಕಾರು ಎಂದರೆ ಶಿವಬಸಮ್ಮ. ಈ ರೇಡಿಯೋ ಕಟ್ಟಿದ ಟ್ರಸ್ಟಿನ ಯಜಮಾನಿ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಹೆಂಗಸರ ಸಂಘಗಳಲ್ಲೆಲ್ಲ ಗೌರವ ಉಳ್ಳವರು. ದಿನಸಿ ಗುತ್ತಿಗೆಯ ಬೆನಕಪ್ಪನ ಒಡಹುಟ್ಟಿದ ಅಕ್ಕ.

"ಎರಡು ಸಲ ಕೇಳಿದ್ರು. ಆಮ್ಯಾಲ, ಹೆಣ್ಣುಮಗಳು ಹೇಳಿದಂಗ ಮಾಡು ಅಂದ್ರು. ಠಾಣೆಯೊಳಗ ಹೇಳಿದ್ದು ಅಂತ ಬರೆದುಕೊಟ್ಟೋರೂ ಅವರಽ. ನಾ ಓದಿದೆ. ಓದಬಾರದಿತ್ತು."

"ನನ್ನ ಇಲ್ಲಿಗೆ ಕರಿಸಿದ್ದು ಯಾರು?"

"ಹತ್ತೊಂಬತ್ತು ಅರ್ಜಿ ಬಂದಿದ್ವು ತಂಗಿ. ನಿಂದೊಂದನ್ನ ಅಕ್ಕಾರು ಕೈಯಾರೆ ತಗದಿಟ್ರು."

ಆಗ ಅವಳಿಗೆ ಆ ಬೆಳಗು ನೆನಪಿಗೆ ಬಂತು. ಬಂತು ಎಂದರೆ, ಒದ್ದು ಒಳಗೆ ಬಂತು. ಬೆನಕಪ್ಪನ ಗೋಡೌನಿಗೆ ಬೀಗ. ಬೀದಿಯಲ್ಲಿ ಸೈಕಲ್ಲು ಹಿಡಿದು ಬೀಡಿ ಸೇದುತ್ತ ನಿಂತ ಅಪ್ಪ ಓಬಣ್ಣ. ಗೋಡೌನಿನ ಹಿಂದಿನ ಮನೆಗೆ ಹೋಗಿ ತಾನು ಕದ ತಟ್ಟಿದ್ದು. ಹಿತ್ತಲ ಬಾಗಿಲಿನಿಂದ ಚಾಚಿದ, ಹಸಿರು ಬಳೆಯ, ತುಂಬುತೋಳಿನ ಕೈ. ಹುಷಾರಾಗಿ ಒಯ್ಯವ್ವ ಎಂದ ನಗುಮುಖ. ಆಗ ಆ ಮುಖದ ಹೆಸರು ಅವಳಿಗೆ ಗೊತ್ತಿರಲಿಲ್ಲ. ಈಗ ನಲವತ್ತೈದು ದಿನದಿಂದ ಅದೇ ಮುಖಕ್ಕೆ, ಅಕ್ಕಾರ ಮುಖಕ್ಕೆ, ನಮಸ್ಕಾರ ಮಾಡುತ್ತಿದ್ದಳು.

ತನ್ನನ್ನು ಕರೆಸಿದ್ದು ಕಲಿಸಲು ಅಲ್ಲ. ಏನು ನೆನಪಿದೆ ಎಂದು ಅಳೆದು ನೋಡಲು.

ಹೊರಗಿನಿಂದ ಬಾಗಿಲು ತಟ್ಟಿದ ಸದ್ದಾಯಿತು. ಹನ್ನೆರಡು ಇಪ್ಪತ್ತೈದು. ಅಂದಿನ ಅತಿಥಿ ಶಿವಬಸಮ್ಮನೇ. ರೇಡಿಯೋ ಹುಟ್ಟಿದ ಕಥೆ ಹೇಳುತ್ತೇನೆಂದು ತಾವಾಗಿ ಒಪ್ಪಿಕೊಂಡು ಬಂದಿದ್ದರು. ಗವಿಸಿದ್ದೇಶ ಎದ್ದು ಚಿಲಕ ತೆಗೆದ. ಇಳಕಲ್ ಸೀರೆ, ಹಣೆಗೆ ಮೂರು ಬೆರಳಿನ ವಿಭೂತಿ. ಚಿಲಕ ಹಾಕ್ಕೊಂಡು ಅಣ್ಣ ತಂಗಿ ಏನು ಗುಟ್ಟು ನಡಿಸೀರಿ ಎಂದು ನಗುತ್ತ ಕೇಳಿದರು. ಮೇಜಿನ ಮೇಲಿನ ಕ್ಯಾಸೆಟ್ಟಿನ ಖಾಲಿ ಡಬ್ಬಿಯನ್ನು ನೋಡಿದರು. ನಗು ಹಾಗೇ ಇತ್ತು.

ಗವಿಸಿದ್ದೇಶ ಕ್ಯಾಸೆಟ್ಟನ್ನು ತೆಗೆದುಕೊಂಡು ಗಾಜಿನ ಆಚೆಯ ಕೋಣೆಗೆ ಹೋಗಿ ಕೂತ. ಟೇಪನ್ನು ಹಿಂದಕ್ಕೆ ಸುತ್ತಿ, ಗುಂಡಿಯ ಮೇಲೆ ಬೆರಳಿಟ್ಟು, ಹಚ್ಚಲೇ ಎಂದು ಕಣ್ಣಲ್ಲೇ ಕೇಳಿದ.

ಹಚ್ಚಿದರೆ ತಾಯಿಯ ಮೇಲಿನ ಕಳಂಕ ತೊಳೆದುಹೋಗುತ್ತದೆ, ತಾನು ಸಿಕ್ಕಿಬೀಳುತ್ತಾಳೆ. ಅದಕ್ಕೆ ಕ್ರಾಂತಿ ಹೆದರಲಿಲ್ಲ. ಆದರೆ ಹಚ್ಚಿದರೆ ಈ ಹೆಂಗಸು ಎದ್ದುಹೋಗುತ್ತಾಳೆ. ಪಾಪದ ಹುಡುಗಿ, ತಾಯಿಯ ಕೂಡ ತಾನೂ ಸಿಕ್ಕಳಲ್ಲ ಎಂದು ನಾಳೆ ಕಣ್ಣೀರು ಹಾಕುತ್ತಾಳೆ. ಕ್ರಾಂತಿಗೆ ಕಣ್ಣೀರು ಬೇಕಿರಲಿಲ್ಲ. ಉತ್ತರ ಬೇಕಿತ್ತು. ಅದೂ ತಾಯಿಯ ದನಿ ಹರಿದ ಹಾದಿಯಲ್ಲೇ, ಸುತ್ತಲಿನ ಹಳ್ಳಿಗಳೆಲ್ಲ ಕೇಳುವಂತೆ.

ಬೇಡ ಎಂದು ತಲೆಯಾಡಿಸಿದಳು. ಕೆಂಪು ದೀಪ ಹೊತ್ತಿತು.

ಅವಳು ನಮಸ್ಕಾರ ಹೇಳಿದಳು. ತನ್ನ ಹೆಸರು ಹೇಳಿದಳು. ಕರೆಕಲ್ಲಹಟ್ಟಿಯ ಉಚ್ಚಂಗೆಮ್ಮನ ಮಗಳು ಎಂದು, ನಲವತ್ತೈದು ದಿನದಲ್ಲಿ ಮೊದಲ ಸಲ ಸೇರಿಸಿದಳು. ಸಂತೆ ಬಯಲಿನ ಅಂಗಡಿಗಳಲ್ಲಿ ಯಾರಾದರೂ ತಕ್ಕಡಿ ಕೆಳಗಿಟ್ಟಿರಬೇಕು. ಶಿವಬಸಮ್ಮ ಸೆರಗು ಸರಿಮಾಡಿಕೊಂಡರು.

"ಅಕ್ಕಾರ, ರೇಡಿಯೋ ಕಥಿ ಆಮ್ಯಾಲ ಹೇಳಿವಂತ್ರಿ. ನಾಕು ವರ್ಷದ ಹಿಂದ, ಮಕ್ಕಳು ಮಲಗಿದ ದಿನ ಮುಂಜಾನಿ, ನಿಮ್ಮ ಹಿತ್ತಲ ಬಾಗಿಲಿಂದ ನನ್ನ ಕೈಗೆ ಎಣ್ಣಿ ಡಬ್ಬಿ ಕೊಟ್ಟಿದ್ರಿ. ನೆನಪೈತೇನ್ರಿ?"

ಕ್ರಾಂತಿ ಎದುರಿನ ಮುಖವನ್ನೇ ನೋಡುತ್ತ ಕೂತಳು. ಈ ಮುಖ ಮುರಿಯುವುದನ್ನು ನೋಡಬೇಕು, ಅಷ್ಟಾದರೆ ಸಾಕು.

ಮುಖ ಮುರಿಯಲಿಲ್ಲ. ಶಿವಬಸಮ್ಮ ಮೈಕನ್ನು ತಮ್ಮ ಕಡೆಗೆ ಇಷ್ಟೇ ಎಳೆದುಕೊಂಡರು. ದನಿಯಲ್ಲಿ ಕನಿಕರ ಇತ್ತು.

"ನೆನಪಿಲ್ದ ಏನವ್ವ. ಒಂದಲ್ಲ, ಎರಡು ಡಬ್ಬಿ ಕೊಟ್ಟೆ. ನಿನ್ನ ಕೈಗೆ ಒಂದು, ಸಾಲಿ ಅಡಗಿಗೆ. ಬೀದ್ಯಾಗ ನಿಂತಿದ್ದ ನಿಮ್ಮಪ್ಪನ ಕೈಗೆ ಒಂದು, ಹೊಲಕ್ಕ. ಅದು ಎಣ್ಣಿ ಅಲ್ಲ, ಬೆಳಿಗೆ ಹೊಡಿಯೂ ಔಷಧ, ಅದನ್ನ ಓಬಣ್ಣ ತಾನಽ ಕೇಳಿ ಇಸಗೊಂಡ. ಎರಡೂ ಒಂದಽ ನಮೂನಿ ಡಬ್ಬಿ. ದಾರ್ಯಾಗ ಯಾವುದು ಯಾವ ಕಡಿಗೆ ಹೋತು ಅಂತ ನನಗೇನು ಗೊತ್ತವ್ವ, ಸೈಕಲ್ ಹೊಡದಾಂವ ಆತ."

ಕ್ರಾಂತಿಗೆ ಸೈಕಲ್ಲು ಕಂಡಿತು. ಹಿಂದಿನ ಕ್ಯಾರಿಯರು ಕಂಡಿತು. ಅದರ ಮೇಲೆ ತಾನು ಹಗ್ಗ ಬಿಗಿದ ಡಬ್ಬಿ ಒಂದೇ ಒಂದು. ಒಂದೇ ಎಂದು ಅವಳು ಹೇಳಬೇಕೆಂದು ಬಾಯಿ ತೆರೆದಳು. ಹ್ಯಾಂಡಲಿಗೆ ತೂಗುಬಿಟ್ಟಿದ್ದ ಕೈಚೀಲದೊಳಗೆ ಏನಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಆ ಚೀಲ ಬಿಚ್ಚುತ್ತಿದ್ದವಳು ತಾಯಿ.

ಮೇಜಿನ ಮೇಲಿನ ಫೋನಿನ ದೀಪ ಮಿನುಗತೊಡಗಿತು. ಗಾಜಿನ ಆಚೆ ಗವಿಸಿದ್ದೇಶ ರಿಸೀವರನ್ನು ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೇಳಿದ. ಆಮೇಲೆ ಚೀಟಿಯೊಂದರ ಮೇಲೆ ಬರೆದು, ಇಬ್ಬರು ಹೆಂಗಸರಿಗೂ ಕಾಣುವಂತೆ ಗಾಜಿಗೆ ಒತ್ತಿ ಹಿಡಿದ.

'ನಿಮ್ಮವ್ವ. ಮೈಕಿನೊಳಗ ಮಾತಾಡ್ತೀನಿ ಅಂತಾಳ.'

ನಲವತ್ತೈದು ದಿನದಲ್ಲಿ ಮೊದಲ ಬಾರಿಗೆ ಶಿವಬಸಮ್ಮನ ನಗು ಅರ್ಧಕ್ಕೆ ನಿಂತಿತು.